ಹೆಜ್ಜಾರ್ಲೆ (ಪೆಲಿಕನ್) ಗೂಡು ನೋಡೋಕೆ ಯಾವ್ದು ಬೆಸ್ಟ್: ರಂಗನತಿಟ್ಟಾ, ಕುಕ್ಕರಹಳ್ಳಿ ಕೆರೆನಾ, ಕೊಕ್ಕರೆ ಬೆಳ್ಳೂರಾ?

ಹೋದ ಸೀಸನ್‌ನಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಮೂರೂ ಕಡೆ ಓಡಾಡಿದೀನಿ. ಕೈಲಿ ಒಂದು ಹಳೇ ಬೈನಾಕ್ಯುಲರ್, ಒಂದು ನೋಟ್‌ಬುಕ್, ಅಷ್ಟೆ. ನೋಡ್ಬೇಕು ಅಂತಿದ್ದಿದ್ದು ಒಂದೇ, ಹೆಜ್ಜಾರ್ಲೆ ಮರಿ ಹೇಗೆ ಸಾಕುತ್ತೆ ಅಂತ.

ರಂಗನತಿಟ್ಟಲ್ಲಿ ವೆರೈಟಿ ಜಾಸ್ತಿ, ಅದ್ರಲ್ಲಿ ಎರಡು ಮಾತಿಲ್ಲ. ಪಕ್ಷಿತಜ್ಞ ಸಲೀಂ ಅಲಿ ಅವ್ರು ಮೈಸೂರು ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಆಗಿದ್ದು, 2022ರಲ್ಲಿ ರಾಮ್ಸಾರ್ ಅನ್ನೋ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೂ ಸೇರ್ತು. ದೋಣಿ ಹತ್ತಿ ಸ್ವಲ್ಪ ದೂರ ಹೋಗೋಷ್ಟ್ರಲ್ಲೇ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಬಂಡೆ ಮೇಲೆ ಮೊಸಳೆ, ಎಲ್ಲಾ ಸಿಗುತ್ತೆ. ಆದ್ರೆ ಒಂದು ಗೂಡಿನ ಮೇಲೆ ಕಣ್ಣು ನಿಲ್ಲಿಸೋ ಹೊತ್ತಿಗೆ ದೋಣಿ ಮುಂದಕ್ಕೆ ಹೋಗ್ಬಿಟ್ಟಿರುತ್ತೆ. ಮೊದಲ ಸಲ ಹಕ್ಕಿ ಗುರುತು ಕಲಿಯೋರಿಗೆ, ಮಕ್ಕಳನ್ನ ಕರ್ಕೊಂಡು ಹೋಗೋರಿಗೆ ಇದೇ ಸರಿ.

ಮೈಸೂರಿನ ಕುಕ್ಕರಹಳ್ಳಿ ಕೆರೆ ನಮ್ಮನೆಗೆ ಹತ್ರ, ವಾಕಿಂಗ್ ಜೊತೆಗೇ ದಿನಾ ನೋಡ್ಬಹುದು, ಆದ್ರೆ ಗೂಡಿರೋದು ನಡುಗಡ್ಡೆ ಮರಗಳಲ್ಲಿ. ದೂರ. ಮರಿ ತಲೆ ಕಂಡ್ರೆ ಅದೇ ಹೆಚ್ಚು.

ಕೊಕ್ಕರೆ ಬೆಳ್ಳೂರಿನ ಕಥೆನೇ ಬೇರೆ. ಮೈಸೂರಿಂದ ಬೆಂಗಳೂರು ಕಡೆಗೆ ಹೋಗ್ತಾ ಮದ್ದೂರು ದಾಟಿ ರುದ್ರಾಕ್ಷಿಪುರದ ಹತ್ರ ಒಳಗೆ ತಿರುಗಿ 12 ಕಿಲೋಮೀಟರ್ ಹೋದ್ರೆ ಊರೊಳಗಿನ ಹುಣಸೆ ಮರದಲ್ಲೇ ಗೂಡುಗಳು, ಕೆಳಗಡೆ ಹಸು ಕಟ್ಟಿರ್ತಾರೆ, ಪಕ್ಕದಲ್ಲಿ ಮಕ್ಕಳು ಆಡ್ತಿರ್ತಾರೆ, ಹಕ್ಕಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಬಿಳಿ ತುಪ್ಪಳದ ಮರಿ ತಾಯಿ ಗಂಟಲ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ಮೀನು ತಿಂತಿದ್ದಿದ್ದನ್ನ ಬೈನಾಕ್ಯುಲರ್ ಇಲ್ದೇನೇ ನೋಡಿದೆ. ಹನ್ನೆರಡು ಗಂಟೆ ಬಿಸಿಲಿಗೆ ತಾಯಿ ಬಾಯ್ತೆರೆದು ಆ ಚೀಲನ ಪಟಪಟ ಅಂತ ಅದುರಿಸ್ತಿತ್ತು, ಮೈ ತಂಪಾಗೋಕೆ ಅವು ಹಾಗೆ ಮಾಡೋದು. ಹಟ್ಟಿ ಮುಂದೆ ಕೂತಿದ್ದ ಅಜ್ಜಿ, "ಹೆರ್ಗೆಗೆ ತವ್ರಿಗೆ ಬಂದಿರೋ ಹೆಣ್ಮಕ್ಳು ಕಣಪ್ಪ ಅವು, ಸದ್ದು ಮಾಡ್ಬೇಡ" ಅಂದ್ರು. ಗೂಡಿರೋ ಮರದ ಹುಣಸೆಹಣ್ಣಿನ ಆಸೆ ಬಿಟ್ಟು ಹಕ್ಕಿ ಉಳಿಸ್ಕೊಂಡಿರೋ ಜನ ಇವ್ರು. 2007ರಲ್ಲಿ ಸಮುದಾಯ ಮೀಸಲು (ಊರವ್ರೂ ಸೇರಿ ಕಾಯೋ ರಕ್ಷಿತ ಜಾಗ) ಅಂತ ಘೋಷಣೆ ಆಯ್ತು, ಅದಕ್ಕೆ ಎಷ್ಟೋ ಮುಂಚಿನಿಂದ ಕಾಯ್ತಿದ್ದೋರು ಊರವ್ರೇ. ಗೂಡಿಂದ ಬಿದ್ದ ಮರಿಗಳನ್ನ ಹೆಜ್ಜಾರ್ಲೆ ಬಳಗ ಅನ್ನೋ ಅಲ್ಲಿನ ಗುಂಪಿನವ್ರು ಎತ್ತಿ ಸಾಕಿ ಬಿಡ್ತಾರೆ.

ಬೇಜಾರಾಗಿದ್ದು ಒಂದೇ ವಿಷಯ. ಹಾರೋ ಫೋಟೋ ಬೇಕು ಅಂತ ಒಬ್ರು ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ರು, ತಾಯಿ ಎದ್ದು ಹೋಯ್ತು, ಮರಿ ಅಷ್ಟು ಹೊತ್ತೂ ಉರಿಬಿಸಿಲಲ್ಲಿ. ದಯವಿಟ್ಟು ಹಾಗೆ ಮಾಡ್ಬೇಡಿ.

ಸಾಕೋ ರೀತಿ ನೋಡ್ಬೇಕು ಅಂದ್ರೆ ನನ್ನ ವೋಟು ಬೆಳ್ಳೂರಿಗೇ. ಫೆಬ್ರವರಿ, ಮಾರ್ಚಲ್ಲಿ ಹೋಗಿ, ಶನಿವಾರ ಭಾನುವಾರ ಬೇಡ, ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಿ. ತಲೆಗೊಂದು ಟೋಪಿ ಮರೀಬೇಡಿ, ಮೇಲಿಂದ ಹಿಕ್ಕೆ ಬೀಳ್ತಾನೇ ಇರುತ್ತೆ.