‘ಆರು ಮರಿ ಕಾನೂನು’ ಹೇಳಿ ಹುಂಜ ತಗುಲಿಸುತ್ತಾರೆ, ಜೋಕೆ

ಅಮೆರಿಕದ ಕೆಂಟಕಿಯಲ್ಲೋ ಅದರ ಅಕ್ಕಪಕ್ಕದ ರಾಜ್ಯಗಳಲ್ಲೋ ಇದ್ದು, ಈ ವಸಂತದಲ್ಲಿ ಹಿತ್ತಲಲ್ಲಿ ಮೂರೋ ನಾಲ್ಕೋ ಕೋಳಿ ಸಾಕೋಣ ಎಂದುಕೊಂಡಿರುವ ಕನ್ನಡದವರು ಇದನ್ನು ಓದಿಕೊಂಡು ಕೋಳಿ ಸಂತೆಗೆ ಹೊರಡಿ. ‘ಆರಕ್ಕಿಂತ ಕಡಿಮೆ ಮರಿ ಮಾರಿದರೆ ನನಗೆ ದಂಡ ಬೀಳುತ್ತದೆ’ ಎಂದು ಅಲ್ಲಿ ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಮೋಸ ಇರುವುದು ಆ ಮಾತು ಮುಗಿದ ಮೇಲೆ ಅವನು ಕೈ ಹಾಕುವ ಎರಡನೆಯ ಪಂಜರದಲ್ಲಿ.

ಈ ಸಂತೆಗಳನ್ನು ಇಲ್ಲಿ ಪೌಲ್ಟ್ರಿ ಸ್ವಾಪ್ ಎನ್ನುತ್ತಾರೆ. ಶನಿವಾರ ಬೆಳಿಗ್ಗೆ ಕೋಳಿ ಮೇವಿನ ಅಂಗಡಿಯ ಮುಂದಿನ ಪಾರ್ಕಿಂಗ್ ಜಾಗದಲ್ಲೋ ಕೌಂಟಿ ಜಾತ್ರೆಯ ಮೈದಾನದಲ್ಲೋ ಪಿಕಪ್ ಟ್ರಕ್‌ಗಳು ಸಾಲಾಗಿ ಬಂದು ನಿಲ್ಲುತ್ತವೆ. ಹಿಂದಿನ ಹಲಗೆ ಇಳಿಸಿದರೆ ಅದೇ ಅಂಗಡಿ. ಕೋಳಿ, ಬಾತು, ಗಿನಿಕೋಳಿ, ಮೊಲ, ಕೆಲವೊಮ್ಮೆ ಆಡಿನ ಮರಿಯೂ ಸಿಗುತ್ತದೆ. ವ್ಯಾಪಾರವೆಲ್ಲ ನಗದಿನದು, ರಸೀದಿ ಕೇಳುವವರಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈದಾನ ಖಾಲಿಯಾಗಿರುತ್ತದೆ, ಮಾರಿದವನು ಯಾವ ಊರಿನವನು ಎಂಬುದೂ ತಿಳಿದಿರುವುದಿಲ್ಲ. ಹಾಗೆಂದು ಅಲ್ಲಿಗೆ ಬರುವವರೆಲ್ಲ ಕಳ್ಳರು ಎನ್ನುತ್ತಿಲ್ಲ. ಕೋಳಿಯನ್ನು ಮನೆಮಕ್ಕಳಂತೆ ನೋಡಿಕೊಳ್ಳುವವರೂ ಬರುತ್ತಾರೆ. ನಮಗೆ ಸಿಕ್ಕವನು ಆ ಪೈಕಿಯವನಲ್ಲ.

2019ರ ವಸಂತದ ಮಾತು. ನಮ್ಮ ನಗರದ ನಿಯಮದ ಪ್ರಕಾರ ಹಿತ್ತಲಲ್ಲಿ ಕೆಲವೇ ಹೆಣ್ಣು ಕೋಳಿ ಸಾಕಬಹುದು, ಹುಂಜವನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ. ನಮಗೆ ಬೇಕಾಗಿದ್ದದ್ದು ಮೂರು ಬಫ್ ಆರ್ಪಿಂಗ್ಟನ್ ಹೇಟೆಗಳು. ಜೇನುಬಣ್ಣದ, ಮಕ್ಕಳ ಕೈಗೆ ಸಿಗುವಷ್ಟು ಸಾಧು ತಳಿ ಅದು. ಆತನ ಮುಂದಿನ ಪಂಜರದಲ್ಲಿ ಅವು ಇದ್ದವು, ಹೆಣ್ಣು ಮರಿ ಎಂಬ ಚೀಟಿಯೂ ಇತ್ತು. ಮೂರು ಕೊಡಿ ಎಂದಾಗ ಆತ ಬಹಳ ವಿನಯದಿಂದ, ‘ಕೊಡಬಹುದಾಗಿದ್ದರೆ ಕೊಡುತ್ತಿದ್ದೆ, ರಾಜ್ಯದ ಕಾನೂನು ಬಿಡುವುದಿಲ್ಲ, ಆರು ತೆಗೆದುಕೊಳ್ಳಲೇಬೇಕು’ ಎಂದ. ಸರಿ, ಇನ್ನೂ ಮೂರು ಆರ್ಪಿಂಗ್ಟನ್ ಕೊಡಿ ಎಂದರೆ ಅವು ಬೇರೆಯವರಿಗೆ ಮೀಸಲು ಎಂದ. ಟ್ರಕ್‌ನ ಒಳಗಿನ ಪೆಟ್ಟಿಗೆಯಿಂದ ಮೂರು ಹಳದಿ ಮರಿ ತೆಗೆದು, ‘ಇವೂ ಹೇಟೆಗಳೇ, ಬಿಳಿ ಮೊಟ್ಟೆ ಇಡುತ್ತವೆ, ಬೆಲೆಯೂ ಅದೇ’ ಎಂದು ಹೇಳಿ ಡಬ್ಬಕ್ಕೆ ಹಾಕಿದ. ಒಂದೊಂದಕ್ಕೆ ಎಂಟು ಡಾಲರ್.

ಕಾನೂನು ನಿಜವಾಗಿ ಏನು ಹೇಳುತ್ತದೆ ನೋಡಿ. ನಾವು ಕೊಂಡಾಗ ಜಾರಿಯಲ್ಲಿದ್ದ ಕೆಂಟಕಿ ಶಾಸನದ 436.600ನೇ ಕಲಮಿನ ಪ್ರಕಾರ ಎರಡು ತಿಂಗಳೊಳಗಿನ ಕೋಳಿಮರಿ, ಬಾತುಮರಿ, ಮೊಲದ ಮರಿಗಳನ್ನು ಆರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಮಾರುವಂತಿಲ್ಲ, ವಿನಿಮಯ ಮಾಡುವಂತಿಲ್ಲ, ಪುಕ್ಕಟೆಯಾಗಿ ಕೊಡುವಂತೆಯೂ ಇಲ್ಲ. ಮರಿಗಳಿಗೆ ಬಣ್ಣ ಹಾಕುವುದು, ಬಣ್ಣ ಹಾಕಿದ ಮರಿಗಳನ್ನು ಮಾರುವುದು ಕೂಡ ಅಪರಾಧ. ದಂಡ 100ರಿಂದ 500 ಡಾಲರ್. ಈಸ್ಟರ್ ಹಬ್ಬಕ್ಕೆ ಗುಲಾಬಿ, ನೀಲಿ ಬಣ್ಣದ ಒಂದೊಂದು ಮರಿ ಕೊಂಡು ಮಗುವಿನ ಕೈಗಿಟ್ಟು, ವಾರದೊಳಗೆ ಅದು ಸತ್ತಾಗ ತಿಪ್ಪೆಗೆ ಎಸೆಯುವ ಚಾಳಿಗೆ ತಡೆ ಹಾಕುವ ಕಾನೂನು ಇದು. ನಮ್ಮೂರುಗಳಲ್ಲಿ ಸೈಕಲ್ ಮೇಲೆ ಬುಟ್ಟಿ ಕಟ್ಟಿಕೊಂಡು ಬಣ್ಣದ ಕೋಳಿಮರಿ ಮಾರುತ್ತಿದ್ದವರು ನಿಮಗೆ ನೆನಪಿರಬಹುದು. ಮೊಟ್ಟೆ ಕೋಳಿ ಫಾರಂಗಳಿಗೆ ಬೇಡವಾದ ಗಂಡು ಮರಿಗಳು ಅವು. ಆರು ಕೊಳ್ಳಬೇಕೆಂದರೆ ಜನ ಎರಡು ಸಲ ಯೋಚಿಸುತ್ತಾರೆ, ಮರಿಗಳೂ ಒಂದಕ್ಕೊಂದು ಅಂಟಿಕೊಂಡು ಬೆಚ್ಚಗಿರುತ್ತವೆ. ಒಳ್ಳೆಯ ಕಾನೂನು, ನನಗೆ ಅದರ ಮೇಲೆ ಸಿಟ್ಟಿಲ್ಲ.

ಆದರೆ ಆರನ್ನೂ ಒಂದೇ ಪಂಜರದಿಂದ ಕೊಡಬೇಡ ಎಂದು ಆ ಕಲಮು ಎಲ್ಲಿಯೂ ಹೇಳಿಲ್ಲ. ಬೇಡವಾದದ್ದನ್ನು ಬೇಕಾದದ್ದರ ಜೊತೆ ಕಟ್ಟಿ ಕೊಡು ಎಂದೂ ಹೇಳಿಲ್ಲ. ಅದು ಆತನ ಸ್ವಂತ ತಿದ್ದುಪಡಿ.

ಹಳದಿ ಮರಿಗಳು ಲೆಗಾರ್ನ್ ತಳಿಯ ಹುಂಜಗಳು. ಅವು ಆತನಿಗೆ ಹೇಗೆ ಸಿಕ್ಕಿರಬಹುದು ಎಂಬುದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ 1918ರಿಂದಲೂ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ಕಳುಹಿಸುವ ಪದ್ಧತಿ ಇದೆ. ಮೊಟ್ಟೆಯ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಹೊರಬರುವುದರಿಂದ ಮರಿ ಎರಡು ಮೂರು ದಿನ ಮೇವು ನೀರಿಲ್ಲದೆ ಬದುಕಬಲ್ಲದು. ದಾರಿಯಲ್ಲಿ ಚಳಿಯಾಗದಿರಲಿ ಎಂದು ಕೆಲವು ಹ್ಯಾಚರಿಗಳು, ಅಂದರೆ ಮರಿ ಮಾಡಿಸಿ ಮಾರುವ ಕೇಂದ್ರಗಳು, ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆ ಬಿಟ್ಟಿ ಗಂಡು ಮರಿಗಳನ್ನು ತುಂಬುತ್ತವೆ. ಪುಕ್ಕಟೆ ಬಂದ ಅಂಥ ಮರಿಯನ್ನು ಕಾನೂನಿನ ಹೆಸರು ಹೇಳಿ ಎಂಟು ಡಾಲರಿಗೆ ದಾಟಿಸುವುದು ಎಷ್ಟು ಸುಲಭ ಎಂದು ನೀವೇ ಲೆಕ್ಕ ಹಾಕಿ.

ಮೊದಲು ಬಂದದ್ದು ಕಾಯಿಲೆ. ಮನೆಯಲ್ಲಿ ಮರಿಗಳಿಗೆಂದು ಇಟ್ಟ ಪೆಟ್ಟಿಗೆಯ ಶಾಖದ ದೀಪದ ಕೆಳಗೆ ಅವು ರೆಕ್ಕೆ ಇಳಿಬಿಟ್ಟು ಗುಬುರುಗೂಡಿ ನಿಂತವು, ಹಿಕ್ಕೆಯಲ್ಲಿ ರಕ್ತ ಕಂಡಿತು. ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಒಂದು ಆರ್ಪಿಂಗ್ಟನ್ ಅಂದೇ ರಾತ್ರಿ ಸತ್ತಿತು. ಆಂಪ್ರೋಲಿಯಂ ಔಷಧಿಯನ್ನು ನೀರಿಗೆ ಬೆರೆಸಿ ಕುಡಿಸಿದ್ದರಿಂದ ಉಳಿದವು ಚೇತರಿಸಿಕೊಂಡವು. ಬೇರೆ ಬೇರೆ ಮನೆಯ, ಬೇರೆ ಬೇರೆ ವಯಸ್ಸಿನ ಮರಿಗಳನ್ನು ಒಂದೇ ಡಬ್ಬದಲ್ಲಿ ಬೆರೆಸಿದರೆ ರೋಗ ಒಂದರಿಂದ ಇನ್ನೊಂದಕ್ಕೆ ದಾಟುವುದು ಸಹಜ. 2022ರ ಫೆಬ್ರವರಿಯಲ್ಲಿ ಪಕ್ಕದ ಇಂಡಿಯಾನಾದ ಟರ್ಕಿ ಕೋಳಿ ಫಾರಂನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ಮೇಲೆ, ಮಿನ್ನೆಸೋಟ, ಮಿಷಿಗನ್ ರಾಜ್ಯಗಳು ಕೋಳಿಗಳ ಪ್ರದರ್ಶನಗಳನ್ನು ಕೆಲಕಾಲ ನಿಲ್ಲಿಸಿದ್ದಕ್ಕೂ ಇಂಥ ಬೆರಕೆಯ ಭಯವೇ ಕಾರಣ.

ತಿಂಗಳು ತುಂಬುವ ಹೊತ್ತಿಗೆ ಹಳದಿ ಮೂವರ ಜುಟ್ಟು ಕೆಂಪಾಗಿ ಎದ್ದು ನಿಂತಿತು. ಇನ್ನು ಅನುಮಾನವಿರಲಿಲ್ಲ. ಯಾರಾದರೂ ತೋಟದವರಿಗೆ ಪುಕ್ಕಟೆ ಕೊಟ್ಟುಬಿಡೋಣ ಎಂದು ಹೊರಟಾಗ ನಿಜವಾದ ಇಕ್ಕಟ್ಟು ಎದುರಾಯಿತು. ಎರಡು ತಿಂಗಳೊಳಗಿನ ಮರಿಯನ್ನು ಆರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಪುಕ್ಕಟೆ ಕೊಡುವುದಕ್ಕೂ ಅದೇ ಕಲಮು ಅಡ್ಡ. ನಮ್ಮ ಹತ್ತಿರ ಇದ್ದ ಹುಂಜ ಮೂರೇ! ಮಾರಿದವನು ಕಾನೂನಿನ ಒಳಗೇ ಉಳಿದ, ನಾವು ಅದರ ಹೊರಗೆ ಕಾಲಿಡುವ ಸ್ಥಿತಿಗೆ ಬಂದೆವು. ನಗರದ ನಿಯಮ ಹುಂಜವನ್ನು ಇಟ್ಟುಕೊಳ್ಳಬೇಡ ಎನ್ನುತ್ತದೆ, ರಾಜ್ಯದ ಶಾಸನ ಕೊಡಬೇಡ ಎನ್ನುತ್ತದೆ. ಎರಡು ತಿಂಗಳು ತುಂಬಲು ಇನ್ನೂ ಕೆಲವು ದಿನ ಇರುವಾಗಲೇ ಅವುಗಳಲ್ಲಿ ಒಂದು ಒಡಕು ದನಿಯಲ್ಲಿ ಕೂಗಲು ಶುರು ಮಾಡಿತು. ನೆರೆಮನೆಯವರು ದೂರು ಕೊಟ್ಟರು, ನಗರದಿಂದ ನೋಟಿಸೂ ಬಂತು. ವಯಸ್ಸು ದಾಟಿದ ಕೂಡಲೇ ಊರಾಚೆಯ ರೈತರೊಬ್ಬರು ಮೂರನ್ನೂ ಒಯ್ದರು. ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಮ್ಮವರಲ್ಲಿ ಕೆಲವರು ಇನ್ನೊಂದು ಉಪಾಯ ಹೇಳುತ್ತಾರೆ: ಒಬ್ಬರು ಆರು ಮರಿ ಕೊಂಡು, ಮೂರನ್ನು ಸ್ನೇಹಿತರ ಮನೆಗೆ ಕೊಟ್ಟರಾಯಿತು ಎಂದು. ಶಾಸನವನ್ನು ಅಕ್ಷರಶಃ ಓದಿದರೆ ಅದೂ ತಪ್ಪೇ, ಏಕೆಂದರೆ ಎರಡನೆಯ ಕೈ ಬದಲಾವಣೆಯಲ್ಲಿ ಸಂಖ್ಯೆ ಮೂರು. ಪೊಲೀಸರು ಬಂದು ಹಿಡಿಯುತ್ತಾರೆಂದಲ್ಲ. ಆದರೆ ವೀಸಾ, ಪೌರತ್ವ ಎಂದು ಅರ್ಜಿ ಹಾಕಿಕೊಂಡು ಕೂತವರು ಕೋಳಿಮರಿಗಾಗಿ ದಂಡದ ಚೀಟಿ ಪಡೆಯುವ ಸಂದರ್ಭ ಏಕೆ ತಂದುಕೊಳ್ಳಬೇಕು?

ಇದಕ್ಕೆಲ್ಲ ಸರಳ ದಾರಿ ಎರಡು ತಿಂಗಳು ದಾಟಿದ ಹೇಟೆಯನ್ನೇ ಕೇಳುವುದು. ಆ ವಯಸ್ಸಿನ ಹಕ್ಕಿಗೆ ಆರರ ನಿಯಮ ಅನ್ವಯಿಸುವುದಿಲ್ಲ. ಎರಡು ಬೇಕೆಂದರೆ ಎರಡೇ ಕೊಳ್ಳಬಹುದು. ಹೆಣ್ಣೋ ಗಂಡೋ ಜುಟ್ಟು ನೋಡಿಯೇ ಬಹುಪಾಲು ಗೊತ್ತಾಗುತ್ತದೆ. ಮೈತುಂಬ ಗರಿ ಬಂದಿರುವುದರಿಂದ ದೀಪದ ಶಾಖದ ಗೋಳೂ ಇಲ್ಲ. ಎಳೆ ಮರಿಗಾದರೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬೇಕು. ಬೆಲೆ ಹೆಚ್ಚು, ನಿಜ. ನಮ್ಮ ಎರಡು ಆರ್ಪಿಂಗ್ಟನ್‌ಗಳಿಗೆ ಕೊನೆಗೆ ಬಿದ್ದ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮರಿಯೇ ಬೇಕೆಂದರೆ ಮಾರುವವನ ಬಳಿ ಎನ್‌ಪಿಐಪಿ ಕಾಗದ ಇದೆಯೇ ಎಂದು ಕೇಳಿ. 1935ರಲ್ಲಿ ಶುರುವಾದ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ ಅದು. ಮೊಟ್ಟೆಯ ಮೂಲಕವೇ ತಾಯಿಯಿಂದ ಮರಿಗೆ ದಾಟಿ ಬಿಳಿ ಭೇದಿಯಿಂದ ಕೊಲ್ಲುವ ಪುಲ್ಲೋರಂ ರೋಗಕ್ಕೆ ಹಿಂಡನ್ನು ಪರೀಕ್ಷಿಸಿದ್ದಾರೆ ಎಂಬುದಕ್ಕೆ ಆ ಕಾಗದವೇ ಸಾಕ್ಷಿ. ಕಾಗದ ಮನೆಯಲ್ಲಿದೆ ಎಂದವನನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ. ಹೆಣ್ಣು ಎಂದು ಹೇಳಿದರೆ ಯಾರು ಹೇಗೆ ಬೇರ್ಪಡಿಸಿದರು ಎಂದು ವಿಚಾರಿಸಿ. ನುರಿತವರು ಬೇರ್ಪಡಿಸಿದ ಮರಿಗಳಿಗೇ ಹ್ಯಾಚರಿಗಳು ಸಾಮಾನ್ಯವಾಗಿ ಶೇ 90ರಷ್ಟು ಖಾತ್ರಿ ಕೊಡುವುದು, ಸಂತೆಯಲ್ಲಿ ಚೀಟಿ ಅಂಟಿಸಿದವನ ಖಾತ್ರಿಗೆ ಏನು ಬೆಲೆ? ತಂದ ಹಕ್ಕಿಯನ್ನು ಮನೆಯ ಹಳೆಯ ಕೋಳಿಗಳಿಂದ 30 ದಿನ ಬೇರೆ ಇಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡಲೇಬೇಡಿ. ಆರೋಗ್ಯವಾಗಿ ಕಾಣುವ ಮರಿಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು ಎಂದು ಇಲ್ಲಿನ ರೋಗ ನಿಯಂತ್ರಣ ಕೇಂದ್ರ ಪ್ರತಿ ವಸಂತದಲ್ಲೂ ಎಚ್ಚರಿಸುತ್ತದೆ.

ರಾಜ್ಯ ಬದಲಾದರೆ ಕಾನೂನೂ ಬದಲು. ಪಕ್ಕದ ಓಹಾಯೋ ರಾಜ್ಯದ ಸಿನ್ಸಿನಾಟಿಯ ಕನ್ನಡದವರು ನದಿ ದಾಟಿ ಈ ಕಡೆಯ ಸಂತೆಗೆ ಬರುವುದುಂಟು. ಓಹಾಯೋದಲ್ಲಿ ನಿರ್ಬಂಧ ಇರುವುದು ನಾಲ್ಕು ವಾರದೊಳಗಿನ ಮರಿಗೆ, ಕೆಂಟಕಿಯಲ್ಲಿ ಎರಡು ತಿಂಗಳು. ಶಾಸನಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ, ಹೊರಡುವ ಮುನ್ನ ಕಲಮಿನ ಸಂಖ್ಯೆ ಹಾಕಿ ರಾಜ್ಯ ಶಾಸನಸಭೆಯ ಜಾಲತಾಣದಲ್ಲಿ ಈಗಿನ ಪಠ್ಯ ನೋಡಿಕೊಳ್ಳಿ. ಕೆಂಟಕಿಯ 120 ಕೌಂಟಿಗಳಲ್ಲೂ ರಾಜ್ಯ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕಚೇರಿ ಇದೆ, ಫೋನ್ ಮಾಡಿದರೆ ಬೇಸರಿಸದೆ ಹೇಳುತ್ತಾರೆ. ಇನ್ನು, ಹಣ ಕೊಡುವ ಮೊದಲು ಟ್ರಕ್‌ನ ನಂಬರ್ ಫಲಕವನ್ನೂ ಪಂಜರದ ಚೀಟಿಯನ್ನೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಅದಿಲ್ಲದೆ ಯಾರ ಮೇಲೆ ದೂರು ಕೊಡುತ್ತೀರಿ?