ಎಂಟು ಬೈಟ್ ಆಸೆಗೆ ಹತ್ತು ದಿನ ಇಂಟರ್‌ನೆಟ್ ಕೆಡಿಸಿಕೊಂಡೆ: ರೌಟರ್‌ನ ಎಂಟಿಯು ಮುಟ್ಟುವ ಮುಂಚೆ ಓದಿ

ರೌಟರ್ ಸೆಟ್ಟಿಂಗ್ಸ್ ಒಳಗೆ ಎಂಟಿಯು ಅಂತ ಒಂದು ಚಿಕ್ಕ ಡಬ್ಬಿ ಇರುತ್ತದೆ. ನಮ್ಮ ಮನೆಯದರಲ್ಲಿ 1492 ಅಂತ ಇತ್ತು. ಅದನ್ನು 1500 ಮಾಡಿದರೆ ಸ್ಪೀಡ್ ಜಾಸ್ತಿ ಆಗುತ್ತದೆ, ಕಂಪನಿಯವರು ಬೇಕಂತಲೇ ಕಡಿಮೆ ಇಟ್ಟಿರುತ್ತಾರೆ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ನಂಬಿದೆ. ರಾತ್ರಿ ಹನ್ನೊಂದಕ್ಕೆ 1500 ಅಂತ ಬರೆದು ಸೇವ್ ಒತ್ತಿ ಮಲಗಿದೆ. ನೀವೂ ಅಂಥದ್ದೇ ವಿಡಿಯೊ ನೋಡಿ ರೌಟರ್ ಪೇಜ್ ತೆರೆದು ಕೂತಿದ್ದರೆ, ಮೊದಲು ನನ್ನ ಕತೆ ಕೇಳಿ.

ನನ್ನ ಮೂಲ ತೊಂದರೆ ಬಹಳ ಸಣ್ಣದು. ರಾತ್ರಿ ಒಂಬತ್ತರ ಸುಮಾರಿಗೆ ವಿಡಿಯೊ ಕಾಲ್ ತಡವರಿಸುತ್ತಿತ್ತು, ಅಷ್ಟೇ. ಬಾಕಿ ಹೊತ್ತು ಎಲ್ಲ ಚೆನ್ನಾಗಿಯೇ ಇತ್ತು.

ಬದಲಾಯಿಸಿದ ಮಾರನೇ ದಿನ ನೆಟ್ ಪೂರ್ತಿ ನಿಂತುಹೋಗಿದ್ದರೆ ಅರ್ಧ ಗಂಟೆಯಲ್ಲಿ ತಪ್ಪು ಗೊತ್ತಾಗುತ್ತಿತ್ತು. ಹಾಗಾಗಲಿಲ್ಲ. ಸಿನಿಮಾ ಓಡುತ್ತಿತ್ತು. ಮೆಸೇಜ್ ಹೋಗುತ್ತಿತ್ತು. ಸ್ಪೀಡ್ ಟೆಸ್ಟ್ ಹಾಕಿದರೆ ಡೌನ್‌ಲೋಡ್ ಮುಳ್ಳು ಎಂದಿನಷ್ಟೇ ಏರುತ್ತಿತ್ತು. ಆದರೆ ತಂಗಿ ಆಫೀಸಿಗೆ ಒಂದು ಫೈಲ್ ಕಳಿಸಲು ಕೂತವಳು ಕರೆದಳು. "ಅಣ್ಣಾ, ಇಲ್ಲಿ ನೋಡು, ಸೊನ್ನೆಯಲ್ಲೇ ನಿಂತಿದೆ." ನೋಡಿದೆ. ನೀಲಿ ಪಟ್ಟಿ ಒಂದು ಚೂರೂ ಸರಿಯುತ್ತಿಲ್ಲ. ಎರಡು ನಿಮಿಷ ಹಾಗೇ ನಿಂತು ಆಮೇಲೆ ಎರರ್. ಅದೇ ಹೊತ್ತಿಗೆ ಅವಳ ಚಾಟ್‌ನಲ್ಲಿ ಪಟಪಟ ಮೆಸೇಜ್ ಹೋಗುತ್ತಿವೆ, ಬರುತ್ತಿವೆ. ಅಟ್ಯಾಚ್‌ಮೆಂಟ್ ಇಲ್ಲದ ಮೇಲ್ ಹೋಗುತ್ತದೆ, ಇರುವುದು ಹೋಗುವುದಿಲ್ಲ. ಕೆಲವು ಸೈಟ್‌ಗಳಂತೂ ಬಿಳಿ ಹಾಳೆ ತೋರಿಸಿ ಸುಮ್ಮನಾಗುತ್ತಿದ್ದವು.

ನಾನು ಬೈದದ್ದು ಯಾರನ್ನು? ಮೊದಲು ಅವಳ ಆಫೀಸನ್ನು, ಆಮೇಲೆ ಕಂಪನಿಯನ್ನು. ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ರೌಟರ್ ಆಫ್ ಮಾಡಿ ಆನ್ ಮಾಡಿ ಸರ್" ಅಂದರು. ಟೆಕ್ನಿಷಿಯನ್ ಬಂದು ಫೈಬರ್ ತುದಿ ಒರೆಸಿ, ಕೇಬಲ್ ಬದಲಾಯಿಸಿ, ಸ್ಪೀಡ್ ಟೆಸ್ಟ್‌ನ ಡೌನ್‌ಲೋಡ್ ತೋರಿಸಿ, "ಲೈನ್ ಸರಿ ಇದೆ ಸರ್" ಎಂದು ಹೊರಟ. ಪಾಪ, ಅವನ ಲೈನ್ ನಿಜಕ್ಕೂ ಸರಿಯಾಗಿಯೇ ಇತ್ತು. ಸೆಟ್ಟಿಂಗ್ ಬದಲಾಯಿಸಿದ್ದೇನೆ ಅಂತ ಅವನಿಗೆ ನಾನು ಹೇಳಲೇ ಇಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನನಗೇ ಮರೆತುಹೋಗಿತ್ತು.

ಆಗಿದ್ದೇನು ಅಂದರೆ, ನೆಟ್‌ನಲ್ಲಿ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ; ಎಂಟಿಯು ಎಂಬುದು ಒಂದು ಪ್ಯಾಕೆಟ್ ಹೆಚ್ಚೆಂದರೆ ಎಷ್ಟು ಬೈಟ್ ಇರಬಹುದು ಎಂಬ ಅಳತೆ. ಮಾಮೂಲಿ ಈಥರ್ನೆಟ್‌ನಲ್ಲಿ ಅದು 1500. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಬ್ರಾಡ್‌ಬ್ಯಾಂಡ್ ಸಾಮಾನ್ಯವಾಗಿ ಪಿಪಿಪಿಒಇ ಎಂಬ ಪದ್ಧತಿಯದು. 1999ರಲ್ಲಿ ಬಂದ ಈ ಪದ್ಧತಿ ಪ್ರತಿ ಪ್ಯಾಕೆಟ್ ಮೇಲೆ ತನ್ನದೇ ಎಂಟು ಬೈಟ್ ಚೀಟಿ ಅಂಟಿಸುತ್ತದೆ. 1500ರಲ್ಲಿ ಎಂಟು ಹೋದರೆ 1492. ಯಾರ ಪಿತೂರಿಯೂ ಇಲ್ಲ, ಬರೀ ಕಳೆಯುವ ಲೆಕ್ಕ. 2006ರಲ್ಲಿ ಪಿಪಿಪಿಒಇ ಮೇಲೂ 1500 ಕಳಿಸಲು ದಾರಿ ಮಾಡಿದರು. ಆದರೆ ಅದಕ್ಕೆ ನಮ್ಮ ರೌಟರ್, ಕಂಪನಿಯ ಉಪಕರಣ, ನಡುವಿನ ಎಲ್ಲವೂ ಚೀಟಿ ಸೇರಿ 1508 ಬೈಟ್ ಹೊರುವ ಫ್ರೇಮ್ ಒಪ್ಪಬೇಕು. ನಮ್ಮಲ್ಲಿ ಒಪ್ಪುತ್ತಿರಲಿಲ್ಲ. ನನ್ನ ರೌಟರ್ ಮಾತ್ರ ಒಂದು ಎಚ್ಚರಿಕೆಯನ್ನೂ ಕೊಡದೆ 1500 ಅನ್ನು ನುಂಗಿತು.

ಹಾಗಾಗಿ ಮನೆಯಿಂದ ಹೊರಟ ದೊಡ್ಡ ಪ್ಯಾಕೆಟ್‌ಗಳೆಲ್ಲ ಎಂಟು ಬೈಟ್ ಹೆಚ್ಚಾಗಿ ದಾರಿಯಲ್ಲೇ ಬಿದ್ದುಹೋದವು. ಬಿದ್ದವು ಅಂತ ತಿಳಿಸುವವರೂ ಯಾರಿಲ್ಲ. ಚಾಟ್ ಮೆಸೇಜ್ ಚಿಕ್ಕದು, ನುಸುಳಿಕೊಂಡು ಹೋಗುತ್ತಿತ್ತು. ಫೋಟೊ, ಫೈಲ್ ಅಂದರೆ ತುಂಬಿದ ಪ್ಯಾಕೆಟ್‌ಗಳು, ಅಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಬರುವ ದಾರಿಯಲ್ಲಿ ಕಂಪನಿಯ ಉಪಕರಣಕ್ಕೆ ತನ್ನ ಅಳತೆ ಗೊತ್ತು. ದೊಡ್ಡದು ಬಂದರೆ, ಚಿಕ್ಕದು ಮಾಡಿ ಕಳಿಸು ಎಂದು ಸರ್ವರ್‌ಗೆ ಐಸಿಎಂಪಿ ಸಂದೇಶ, ಅಂದರೆ ದಾರಿಯ ತೊಂದರೆ ತಿಳಿಸುವ ಪುಟ್ಟ ಸಂದೇಶ, ಕಳಿಸುತ್ತದೆ. ಅದನ್ನು ಕೇಳುವ ಸರ್ವರ್‌ಗಳು ಸರಿಯಾಗಿ ಕೆಲಸ ಮಾಡುತ್ತಿದ್ದವು. ಫೈರ್‌ವಾಲ್‌ನಲ್ಲಿ ಆ ಸಂದೇಶ ತಡೆದುಬಿಟ್ಟ ಸೈಟ್‌ಗಳು ಬಿಳಿ ಹಾಳೆ ತೋರಿಸುತ್ತಿದ್ದವು. ಸೇಫ್ಟಿ ಅಂತ ಐಸಿಎಂಪಿ ಪೂರ್ತಿ ಬಂದ್ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ.

ಇಷ್ಟಕ್ಕೂ ಗೆದ್ದಿದ್ದರೆ ಸಿಗುತ್ತಿದ್ದುದೆಷ್ಟು? 1500ರಲ್ಲಿ ಎಂಟು ಬೈಟ್. ನೂರಕ್ಕೆ ಅರ್ಧ. 100 ಎಂಬಿಪಿಎಸ್ ಲೈನ್‌ನಲ್ಲಿ ಅರ್ಧ ಎಂಬಿಪಿಎಸ್. ಇದಕ್ಕೆ ನಾನು ನಿದ್ದೆಗೆಟ್ಟಿದ್ದು!

ಐದನೇ ದಿನ ನೆನಪಾಯಿತು. ಆಗಲಾದರೂ 1492 ಹಾಕಬೇಕಿತ್ತು ಅಲ್ವಾ? ಆದರೆ ಮೊದಲು ಎಷ್ಟಿತ್ತು ಎಂದು ನಾನು ಬರೆದಿಟ್ಟಿರಲಿಲ್ಲ. ಹದಿನಾಲ್ಕು ನೂರರ ಮೇಲೆ ಏನೋ ಇತ್ತು ಎಂದಷ್ಟೇ ನೆನಪು. ಇನ್ನೊಂದು ಕಡೆ 576 ಹಾಕಿ, ಸೇಫ್ ಎಂದು ಬರೆದಿದ್ದರು. ಹಾಕಿದೆ. ಫೈಲ್ ಹೋಯಿತು! ತಂಗಿ ಖುಷಿ. ಎರಡು ಗಂಟೆ ಬಿಟ್ಟು ನೋಡಿದರೆ ಐಪಿವಿ6 (ಇಂಟರ್‌ನೆಟ್ ವಿಳಾಸದ ಹೊಸ ಪದ್ಧತಿ) ಇಲ್ಲವೇ ಇಲ್ಲ. ಅದಕ್ಕೆ ಕಡಿಮೆ ಅಂದರೂ 1280 ಬೇಕು. ಕೆಲವು ಸೈಟ್‌ಗಳು ಮೊದಲು ಐಪಿವಿ6ನಲ್ಲಿ ಪ್ರಯತ್ನಿಸಿ, ಕಾದು, ಆಮೇಲೆ ತೆರೆಯುತ್ತಿದ್ದವು.

ಆ 576 ಡಯಲ್‌ಅಪ್ ಕಾಲದ ಸಲಹೆ. ಆಗಿನ 28.8 ಕೆಬಿಪಿಎಸ್ ಮೋಡೆಮ್‌ನಲ್ಲಿ 1500 ಬೈಟ್ ಪ್ಯಾಕೆಟ್ ಒಂದು ಹೋಗಲು ಸುಮಾರು 0.4 ಸೆಕೆಂಡ್ ಬೇಕಿತ್ತು. ಅದರ ಹಿಂದೆ ನಿಂತದ್ದೆಲ್ಲ ಕಾಯಬೇಕು. ಚಿಕ್ಕದು ಮಾಡಿದರೆ ಅನುಕೂಲವಿತ್ತು. ಈಗ 100 ಎಂಬಿಪಿಎಸ್‌ನಲ್ಲಿ ಅದೇ ಪ್ಯಾಕೆಟ್ 0.12 ಮಿಲಿಸೆಕೆಂಡ್‌ನಲ್ಲಿ ಹೋಗಿಬಿಡುತ್ತದೆ. ಸಲಹೆ ಮಾತ್ರ ಇನ್ನೂ ಓಡಾಡುತ್ತಿದೆ.

ಏಳನೇ ದಿನ ತಾಳ್ಮೆ ಕೆಟ್ಟು, ಪಿನ್ ತಗೊಂಡು ರೌಟರ್ ಹಿಂದಿನ ರೀಸೆಟ್ ತೂತಿಗೆ ಚುಚ್ಚಿದೆ. ಇಡೀ ಕತೆಯಲ್ಲಿ ಅತಿ ಕೆಟ್ಟ ಕೆಲಸ ಇದೇ. ಎಂಟಿಯು ಜೊತೆಗೆ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ಕಂಪನಿ ತನ್ನ ಲೈನ್‌ಗೆ ಕೊಟ್ಟ ವಿಲ್ಯಾನ್ ನಂಬರ್ ಎಲ್ಲ ಅಳಿಸಿಹೋಯಿತು. ಪಾಸ್‌ವರ್ಡ್ ಹಳೇ ಮೇಲ್‌ನಲ್ಲಿ ಸಿಕ್ಕಿತು. ವಿಲ್ಯಾನ್ ನಂಬರ್ ಎಲ್ಲೂ ಸಿಗಲಿಲ್ಲ. ಅದಿಲ್ಲದೆ ಕಂಪನಿಯ ಸರ್ವರ್ ಕಡೆಯಿಂದ ಉತ್ತರವೇ ಬರುವುದಿಲ್ಲ. ರೌಟರ್ ಮೇಲೆ ಕೆಂಪು ದೀಪ ಎರಡು ದಿನ ಉರಿಯಿತು. ತಂಗಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ ಮಾಡಿದಳು, ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ಅದೇ ಟೆಕ್ನಿಷಿಯನ್ ಬಂದು ಎರಡು ನಿಮಿಷದಲ್ಲಿ ನಂಬರ್ ತುಂಬಿದ. ಎಂಟಿಯು ತಾನಾಗಿಯೇ 1492ಕ್ಕೆ ಬಂದಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಫೋನ್‌ನಲ್ಲಿ ಸ್ಪೀಡ್ ಪೂರ್ತಿ, ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ದೂರದ ಸರ್ವರ್‌ನಿಂದ ಡೌನ್‌ಲೋಡ್ ಮಾಡಿದರೆ 5 ಎಂಬಿಪಿಎಸ್ ದಾಟುತ್ತಿಲ್ಲ. ಆ ಮೊದಲ ರಾತ್ರಿ ವಿಡಿಯೊ ಕೆಳಗಿದ್ದ "ಸ್ಪೀಡ್ ಬೂಸ್ಟ್" ಸ್ಕ್ರಿಪ್ಟನ್ನೂ ಓಡಿಸಿದ್ದೆ ನೋಡಿ. ಅದು ವಿಂಡೋಸ್‌ನ ರಿಸೀವ್ ವಿಂಡೋ ಆಟೋ ಟ್ಯೂನಿಂಗ್, ಅಂದರೆ ಒಂದೇ ಸಲಕ್ಕೆ ಎಷ್ಟು ಡೇಟಾ ತಗೊಳ್ಳಬಹುದು ಎಂದು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ, ಆಫ್ ಮಾಡಿತ್ತು. ಆಗ ಒಂದು ಕನೆಕ್ಷನ್‌ನಲ್ಲಿ ಉತ್ತರಕ್ಕೆ ಕಾಯದೆ ಬರಬಹುದಾದ್ದು 65,535 ಬೈಟ್ ಮಾತ್ರ. ಹೋಗಿಬರಲು 100 ಮಿಲಿಸೆಕೆಂಡ್ ಹಿಡಿಯುವ ಸರ್ವರ್ ಆದರೆ ಲೆಕ್ಕ ಹಾಕಿ ನೋಡಿ, ಹೆಚ್ಚೆಂದರೆ ಸುಮಾರು 5.2 ಎಂಬಿಪಿಎಸ್. ಲೈನ್ ಎಷ್ಟೇ ದೊಡ್ಡದಿರಲಿ. ರೌಟರ್ ರೀಸೆಟ್ ಮಾಡಿದರೆ ಲ್ಯಾಪ್‌ಟಾಪ್ ಒಳಗಿನದು ಹೇಗೆ ಹೋಗುತ್ತದೆ? ಅದನ್ನು ಮತ್ತೆ "ನಾರ್ಮಲ್" ಮಾಡಿದ ಮೇಲೆ ಸರಿಹೋಯಿತು.

ಆಮೇಲೆ ಕೆಟ್ಟ ಕುತೂಹಲಕ್ಕೆ, ಈ ಸಲ ಸೆಟ್ಟಿಂಗ್ಸ್ ಬ್ಯಾಕಪ್ ತಗೊಂಡು, ಮತ್ತೊಮ್ಮೆ 1500 ಹಾಕಿ ಪಿಂಗ್ ಮಾಡಿದೆ, ಅಂದರೆ ಒಂದು ಸರ್ವರ್‌ಗೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಿದೆ. ವಿಂಡೋಸ್‌ನಲ್ಲಿ ಪಿಂಗ್ ಜೊತೆ ಮೈನಸ್ ಎಫ್ ಹಾಕಿದರೆ ಪ್ಯಾಕೆಟ್ ಒಡೆಯಬಾರದು ಎಂದರ್ಥ, ಮೈನಸ್ ಎಲ್ ಪಕ್ಕದ ನಂಬರ್ ಅದರ ಗಾತ್ರ. 1464ರವರೆಗೆ ಉತ್ತರ ಬಂತು. 1465 ಹಾಕಿದೆ. "ರಿಕ್ವೆಸ್ಟ್ ಟೈಮ್ಡ್ ಔಟ್." ಬರೀ ಮೌನ. ರೌಟರನ್ನು 1492ಕ್ಕೆ ತಂದು ಅದೇ 1465 ಹಾಕಿದರೆ, ಪ್ಯಾಕೆಟ್ ಒಡೆಯಬೇಕು ಎಂದು ರೌಟರ್ ತಕ್ಷಣ ಹೇಳಿತು. ಹತ್ತು ದಿನ ನನಗೆ ತಲೆನೋವು ಕೊಟ್ಟಿದ್ದು ಈ ಎರಡು ಸಾಲಿನ ವ್ಯತ್ಯಾಸ. ಬೈಗುಳ ಬಂದರೆ ಲೈನ್ ಆರೋಗ್ಯವಾಗಿದೆ, ಮೌನ ಬಂದರೆ ಏನೋ ಎಡವಟ್ಟಾಗಿದೆ. ಕೆಲವು ಸರ್ವರ್‌ಗಳು ದೊಡ್ಡ ಪಿಂಗ್‌ಗೆ ಉತ್ತರ ಕೊಡುವುದೇ ಇಲ್ಲ, ಹಾಗಾಗಿ ಎರಡು ಮೂರು ವಿಳಾಸ ನೋಡಿ.

ಇಲ್ಲೂ ಒಂದು ಗುಂಡಿ ಇದೆ. ಸಿಕ್ಕಿದ 1464 ಅನ್ನೇ ಎಂಟಿಯು ಡಬ್ಬಿಗೆ ತುಂಬಬೇಡಿ. ಪಿಂಗ್‌ನ ನಂಬರ್‌ನಲ್ಲಿ ಐಪಿಯ 20 ಬೈಟ್ ಚೀಟಿ, ಐಸಿಎಂಪಿಯ 8 ಬೈಟ್ ಚೀಟಿ ಸೇರಿರುವುದಿಲ್ಲ. 28 ಕೂಡಿಸಿದರೆ 1492. ಪಿಪಿಪಿಒಇ ಇಲ್ಲದ ಲೈನ್ ಆದರೆ 1472ರವರೆಗೆ ಹೋಗಿ 1500 ಸಿಗುತ್ತದೆ. ಡಬ್ಬಿಯಲ್ಲಿ ಆಗಲೇ ಅದೇ ಅಂಕಿ ಇದ್ದರೆ ಪೇಜ್ ಮುಚ್ಚಿಬಿಡಿ. ಬದಲಾಯಿಸಲೇಬೇಕಾದರೆ ಹಳೇ ಅಂಕಿ, ಪಿಪಿಪಿಒಇ ಪಾಸ್‌ವರ್ಡ್, ವಿಲ್ಯಾನ್ ನಂಬರ್ ಮೂರನ್ನೂ ಕಾಗದದಲ್ಲಿ ಬರೆದಿಟ್ಟು ಮುಟ್ಟಿ. ಫೋನ್‌ನಲ್ಲಿ ಫೋಟೊ ತೆಗೆದರೂ ಸಾಕು.

ಅಂದಹಾಗೆ ರಾತ್ರಿ ಒಂಬತ್ತರ ತಡವರಿಕೆ ರೀಸೆಟ್ ಆದಮೇಲೂ ಹಾಗೇ ಇತ್ತು. ಹುಡುಕಿದರೆ ನನ್ನದೇ ಫೋನ್. ದಿನಾ ಅದೇ ಹೊತ್ತಿಗೆ ಚಾರ್ಜ್‌ಗೆ ಹಾಕುತ್ತಿದ್ದೆ, ಹಾಕಿದ ತಕ್ಷಣ ಅದು ದಿನದ ಫೋಟೊ, ವಿಡಿಯೊ ಎಲ್ಲ ಬ್ಯಾಕಪ್ ಮಾಡಲು ಶುರುಮಾಡಿ ಅಪ್‌ಲೋಡ್ ಪೂರ್ತಿ ಹಿಡಿದುಕೊಳ್ಳುತ್ತಿತ್ತು. ಈಗ ಮಲಗುವಾಗ ಚಾರ್ಜ್‌ಗೆ ಹಾಕುತ್ತೇನೆ.