ಆದಿಕಾಂಡ ಓದಲು ಯಾವ ಕನ್ನಡ ಬೈಬಲ್ ಕೊಳ್ಳಬೇಕು? ಹಳೆಯ ‘ಸತ್ಯವೇದವು’ ಒಂದು ವಿಮರ್ಶೆ

ಲೋಕವೂ ಮನುಷ್ಯನೂ ಹೇಗೆ ಉಂಟಾದರೆಂದು ಕ್ರೈಸ್ತರು ನಂಬುತ್ತಾರೆ ಎಂಬುದನ್ನು ಮೂಲದಲ್ಲೇ ಓದಿ ತಿಳಿಯಬೇಕೆನ್ನುವವರಿಗೆ ಓದಲು ಇರುವುದು ಸ್ವಲ್ಪವೇ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಮೂರು ಅಧ್ಯಾಯ, ಒಟ್ಟು 80 ವಚನ. ಅರ್ಧ ಗಂಟೆಯೂ ಬೇಡ. ಆದರೆ ಯಾವ ಅನುವಾದ ಕೈಗೆತ್ತಿಕೊಳ್ಳುತ್ತೀರಿ ಎನ್ನುವುದರ ಮೇಲೆ ಕಾಣುವ ಸಂಗತಿಯೇ ಬದಲಾಗುತ್ತದೆ. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಹಳೆಯ ‘ಸತ್ಯವೇದವು’, ಅಂದರೆ ಆ್ಯಪ್‌ಗಳಲ್ಲಿ ಜೆ.ವಿ. ಎಂಬ ಗುರುತಿನಲ್ಲಿ ಸಿಗುವ ಪಠ್ಯ, ಈ 80 ವಚನಗಳ ಮಟ್ಟಿಗೆ ಇಂದಿಗೂ ಮೊದಲ ಆಯ್ಕೆ. ಮಿಷನರಿಗಳಾದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಬಳ್ಳಾರಿಯಲ್ಲಿ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಆಮೇಲಿನ ಪರಿಷ್ಕರಣೆಗಳನ್ನು ದಾಟಿ ಬಂದ ಪರಂಪರೆ ಇದು.

ಮೊದಲ ವಚನವನ್ನೇ ನೋಡಿ: ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.’ ಹೊಸದಾಗಿ ಓದುವವರು ಇಲ್ಲೇ ಮುಗ್ಗರಿಸುತ್ತಾರೆ. ದೇವರು ಎಂದ ಮೇಲೆ ‘ಮಾಡಿದರು’ ಆಗಬೇಕಲ್ಲವೇ, ಇದೇನು ಅಗೌರವ ಎಂದು ಕೇಳುತ್ತಾರೆ. ಅಗೌರವವಲ್ಲ. ಹೀಬ್ರೂ ಮೂಲದಲ್ಲೂ ‘ಎಲೋಹಿಮ್’ ಎಂಬ ನಾಮಪದದ ರೂಪ ಬಹುವಚನ, ‘ಬಾರಾ’ ಎಂಬ ಕ್ರಿಯಾಪದ ಏಕವಚನ. ‘ದೇವರು’, ‘ಉಂಟುಮಾಡಿದನು’ ಎಂಬ ನಮ್ಮ ಜೋಡಿ ಅದೇ ವಿಚಿತ್ರವನ್ನು ಹಾಗೇ ಹಿಡಿದಿಟ್ಟಿದೆ. ಗೌರವಾರ್ಥದ ಬಹುವಚನದ ಸೌಕರ್ಯವಿಲ್ಲದ ಇಂಗ್ಲಿಷಿಗೆ ಇದು ಸಾಧ್ಯವಾಗಿಲ್ಲ. ಇದರ ಫಲ 26ನೆಯ ವಚನದಲ್ಲಿ ಸಿಗುತ್ತದೆ. ಅಲ್ಲಿಯತನಕ ‘ಅಂದನು’, ‘ಕಂಡನು’ ಎಂದೇ ಸಾಗಿದ ಪಠ್ಯ ಇದ್ದಕ್ಕಿದ್ದಂತೆ ‘ನಮ್ಮ ಸ್ವರೂಪದಲ್ಲಿ... ಮನುಷ್ಯರನ್ನು ಉಂಟುಮಾಡೋಣ’ ಎನ್ನುತ್ತದೆ. ಈ ‘ನಮ್ಮ’ ಯಾರು? ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಸುಳಿವು ಎಂದರು ಹಳೆಯ ಕ್ರೈಸ್ತ ವ್ಯಾಖ್ಯಾನಕಾರರು. ದೇವರು ತನ್ನ ಪರಲೋಕದ ಸಭೆಯೊಡನೆ ಆಡುವ ಮಾತು ಎನ್ನುತ್ತಾರೆ ಈಗಿನ ಅನೇಕ ವಿದ್ವಾಂಸರು. ಯಾವುದೇ ಇರಲಿ, ಪ್ರಶ್ನೆ ಏಳಬೇಕಾದರೆ ಹಿಂದಿನ ಏಕವಚನ ಕಿವಿಯಲ್ಲಿ ಉಳಿದಿರಬೇಕು. ಬೈಬಲ್ ಸೊಸೈಟಿಯದೇ ಇನ್ನೊಂದು ಕನ್ನಡ ಅನುವಾದ ಸಿ.ಎಲ್. ಮೊದಲಿನಿಂದಲೂ ‘ದರು’ ಬಳಸುತ್ತದೆ; ಅದರಲ್ಲಿ ಈ ತಿರುವು ಸದ್ದಿಲ್ಲದೆ ಜಾರಿಹೋಗುತ್ತದೆ.

ಎರಡನೆಯ ಅಧ್ಯಾಯದಲ್ಲಿ ಕನ್ನಡಕ್ಕೆ ಒಂದು ಭಾಗ್ಯವೇ ಒದಗಿದೆ. ಹೀಬ್ರೂವಿನಲ್ಲಿ ಗಂಡಸು ‘ಈಶ್’, ಹೆಂಗಸು ‘ಇಶ್ಶಾ’. ಆ ಪ್ರಾಸದ ಮೇಲೆಯೇ 23ನೆಯ ವಚನ ನಿಂತಿದೆ. ಜೆ.ವಿ. ಅನುವಾದಕರು ‘ನರನಿಂದ’ ಬಂದವಳು ‘ನಾರೀ’ ಎಂದು ಇಟ್ಟರು. ಇದಕ್ಕಿಂತ ಒಳ್ಳೆಯ ಪರಿಹಾರ ಊಹಿಸುವುದು ಕಷ್ಟ. 7ನೆಯ ವಚನದಲ್ಲಿ ಆದಾಮ ಮತ್ತು ಅದಾಮಾ, ಅಂದರೆ ನೆಲ, ಎಂಬ ಪದದಾಟವಿದೆ. ‘ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ’ ಎಂದು ಗಟ್ಟಿಯಾಗಿ ಓದಿದರೆ ಮಣ್ಣು, ಮನುಷ್ಯ ಎರಡೂ ಒಂದೇ ಉಸಿರಿಗೆ ಬರುತ್ತವೆ. ‘ರೂಪಿಸಿ’ ಎಂಬುದೂ ಸರಿಯಾದ ಮಾತು, ಮೂಲದ ಕ್ರಿಯಾಪದ ಕುಂಬಾರನ ಕೆಲಸಕ್ಕೆ ಬಳಸುವಂಥದ್ದು. ಮೂಗಿಗೆ ಜೀವಶ್ವಾಸ ಊದಿದ ಮೇಲೆ ಮನುಷ್ಯ ಏನಾದ? ‘ಬದುಕುವ ಪ್ರಾಣಿಯಾದನು.’ ಇಲ್ಲಿ ‘ಆತ್ಮ’ ಎಂದು ಬೋಧಿಸಿಬಿಡುವವರಿದ್ದಾರೆ. ಮೂಲದ ‘ನೆಫೆಶ್ ಹಯ್ಯಾ’ ಒಂದನೆಯ ಅಧ್ಯಾಯದಲ್ಲಿ ಮೀನು, ಮೃಗಗಳಿಗೂ ಬಂದಿದೆ. ಹಳೆಯ ಅನುವಾದ ಆ ವಿನಯವನ್ನು ಬಿಟ್ಟುಕೊಟ್ಟಿಲ್ಲ.

ಕೊರತೆಗಳೂ ಇವೆ, ಕೊಳ್ಳುವ ಮುಂಚೆ ತಿಳಿದಿರಲಿ. ಒಂದನೆಯ ಅಧ್ಯಾಯದ 1ನೆಯ ವಚನದ ‘ಬಾರಾ’ ದೇವರಿಗೆ ಮಾತ್ರ ಸಲ್ಲುವ ಕ್ರಿಯಾಪದ. 26ರಲ್ಲಿರುವುದು ‘ಮಾಡು’ ಎಂಬ ಸಾಮಾನ್ಯ ಅರ್ಥದ ‘ಆಸಾ’. ಕನ್ನಡದಲ್ಲಿ ಎರಡಕ್ಕೂ ‘ಉಂಟುಮಾಡು’. ಈ ವ್ಯತ್ಯಾಸ ಬೇಕೆನ್ನುವವರು 1, 21, 27ನೆಯ ವಚನಗಳ ಪಕ್ಕ ಪೆನ್ಸಿಲಿನಲ್ಲಿ ‘ಬಾರಾ’ ಎಂದು ಬರೆದುಕೊಳ್ಳಿ. 6ನೆಯ ವಚನದ ‘ಗುಮಟ’ ಕಂಡು ಗೋಳಗುಮ್ಮಟ ನೆನಪಾದರೆ ತಪ್ಪೇನಿಲ್ಲ. ಮೇಲಿನ ನೀರನ್ನು ತಡೆದು ನಿಂತ ಗಟ್ಟಿ ಚಾವಣಿ ಎಂಬುದೇ ಆ ಕಾಲದ ಕಲ್ಪನೆ.

ಅಧ್ಯಾಯದ ಗೆರೆಯನ್ನು ನಂಬಬೇಡಿ. ಈ ವಿಂಗಡಣೆ 13ನೆಯ ಶತಮಾನದ್ದು, ಮೂಲದ್ದಲ್ಲ. 1:31ಕ್ಕೆ, ಅಂದರೆ ಒಂದನೆಯ ಅಧ್ಯಾಯದ 31ನೆಯ ವಚನಕ್ಕೆ, ಓದು ನಿಲ್ಲಿಸಿದರೆ ಆರು ದಿನ ಮಾತ್ರ ಸಿಗುತ್ತದೆ. ಇಡೀ ರಚನೆ ಯಾವುದಕ್ಕಾಗಿ ನಡೆಯಿತೋ ಆ ಏಳನೆಯ ದಿನ, ವಿಶ್ರಾಂತಿಯ ದಿನ, 2:1ರಿಂದ 3ರವರೆಗೆ ಇದೆ. ಸಂಡೇ ಸ್ಕೂಲಿನ ಪಾಠಗಳಲ್ಲಿ ಪದೇ ಪದೇ ಆಗುವ ತಪ್ಪು ಇದೇ. 2:4ರಲ್ಲಿ ‘ದೇವರು’ ಹೋಗಿ ‘ಯೆಹೋವದೇವರು’ ಬರುತ್ತಾನೆ, ಸೃಷ್ಟಿಯ ಎರಡನೆಯ ವೃತ್ತಾಂತ ಶುರುವಾಗುತ್ತದೆ, ಸಿ.ಎಲ್.ನಲ್ಲಿ ಅದೇ ಜಾಗದಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ. ಒಂದನೆಯ ಅಧ್ಯಾಯದಲ್ಲಿ ಗಿಡಮರ, ಪ್ರಾಣಿ ಆದ ಮೇಲೆ ಮನುಷ್ಯ. ಎರಡನೆಯದರಲ್ಲಿ ಮನುಷ್ಯನೇ ಮೊದಲು, ಆಮೇಲೆ ತೋಟ. ಎರಡನ್ನೂ ಒಂದೇ ದಿನಚರಿಯೆಂದು ಹೊಲಿಯಲು ಹೋದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಒಂದನೆಯ ಅಧ್ಯಾಯಕ್ಕೆ ಅದರದೇ ಲೆಕ್ಕವಿದೆ. ಮೊದಲ ದಿನದ ಬೆಳಕಿಗೆ ನಾಲ್ಕನೆಯ ದಿನದ ಜ್ಯೋತಿಗಳು, ಎರಡನೆಯ ದಿನದ ಆಕಾಶ ಮತ್ತು ನೀರಿಗೆ ಐದನೆಯ ದಿನದ ಹಕ್ಕಿ ಮತ್ತು ಮೀನು, ಮೂರನೆಯ ದಿನದ ಒಣನೆಲಕ್ಕೆ ಆರನೆಯ ದಿನದ ಮೃಗ ಮತ್ತು ಮನುಷ್ಯ. ಹಾಳೆಯಲ್ಲಿ ಮೂರು ಸಾಲು, ಎರಡು ಕಾಲಂ ಹಾಕಿ ಬರೆದರೆ ಮಕ್ಕಳಿಗೂ ಹತ್ತು ನಿಮಿಷದಲ್ಲಿ ಹಿಡಿಯುತ್ತದೆ.

ವ್ಯಾಖ್ಯಾನ ಇದರಲ್ಲಿ ಸಿಗುವುದಿಲ್ಲ. ಆರು ದಿನವೆಂದರೆ 24 ಗಂಟೆಯ ದಿನಗಳೇ ಎನ್ನುವ ಸಭೆಗಳು, ಅಂದರೆ ಚರ್ಚುಗಳು, ಇವೆ. ಮನುಷ್ಯನ ದೇಹದ ವಿಕಾಸದ ಬಗ್ಗೆ ವಿಚಾರ ನಡೆಸಲು ಅಡ್ಡಿಯಿಲ್ಲ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂದು ಕಥೋಲಿಕ ಸಭೆ 1950ರಲ್ಲೇ 12ನೆಯ ಪಯಸ್ ಪೋಪರ ಮೂಲಕ ಹೇಳಿತು. ಈ ಚರ್ಚೆಗೆ ಬೇರೆ ಪುಸ್ತಕ ಬೇಕು.

ಇನ್ನು ಮೊಬೈಲ್ ಪ್ರತಿ. ಈ ಪಠ್ಯದ ಕೆಲವು ಡಿಜಿಟಲ್ ಪ್ರತಿಗಳಲ್ಲಿ ‘ಮಿ’ ಅಕ್ಷರವನ್ನು ‘ವಿ’ಗೆ ಉಕಾರದ ಕೊಂಬು ಸೇರಿಸಿ ಮೂಡಿಸಿದ್ದಾರೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆಯೇ ಅಕ್ಷರ. ಹಾಗಾಗಿ ‘ಭೂಮಿ’ ಎಂದು ಹುಡುಕಿದರೆ ಮೊದಲ ವಚನವೇ ಸಿಗದು. ಗಟ್ಟಿಯಾಗಿ ಓದಿಸುವ ತಂತ್ರಾಂಶವೂ ಅಲ್ಲಿ ಎಡವುತ್ತದೆ. ಹುಡುಕುವಾಗ ‘ಮಿ’ ಇಲ್ಲದ ಪದ ಕೊಡಿ, ಇಲ್ಲವೇ ಅಧ್ಯಾಯ ಮತ್ತು ವಚನದ ಸಂಖ್ಯೆಯಿಂದ ಹೋಗಿ. ಪ್ರಸಂಗದ ಸ್ಲೈಡಿಗೆ ನಕಲು ಮಾಡಿದಾಗ ‘ವಿು’ ಇರುವಲ್ಲೆಲ್ಲ ‘ಮಿ’ ಎಂದು ಒಂದೇ ಸಲಕ್ಕೆ ಬದಲಾಯಿಸಿಕೊಳ್ಳಿ. ಅಚ್ಚಿನ ಪ್ರತಿಗೆ ಈ ತೊಂದರೆಯಿಲ್ಲ. ಅಂಗಡಿಯಲ್ಲಿ ಆದಿಕಾಂಡದ ಪುಟ ತೆರೆದು ಅಕ್ಷರದ ಗಾತ್ರ ನೋಡಿಯೇ ಕೊಳ್ಳಿ; ಹಿರಿಯರಿಗೆ ಜೇಬಿನ ಗಾತ್ರದ್ದು ಬೇಡ.

ಪುಸ್ತಕಗಳ ಸಂಖ್ಯೆಯನ್ನೂ ವಿಚಾರಿಸಿ. ಪ್ರೊಟೆಸ್ಟಂಟ್ ಬೈಬಲಿನಲ್ಲಿ 66, ಕಥೋಲಿಕರದರಲ್ಲಿ 73. ದೇವರು ಏನೂ ಇಲ್ಲದ ಶೂನ್ಯದಿಂದ ಲೋಕವನ್ನು ಉಂಟುಮಾಡಿದನೆಂಬ ನಂಬಿಕೆಗೆ ಹೆಚ್ಚಾಗಿ ತೋರಿಸುವ ಮಾತು ಮಕ್ಕಬಿಯರ ಎರಡನೆಯ ಗ್ರಂಥದ 7:28ರಲ್ಲಿದೆ, ಅದು 66ರಲ್ಲಿ ಇಲ್ಲ. ಅದಿಲ್ಲದವರು ಇಬ್ರಿಯ 11:3 ನೋಡಬಹುದು. 80 ವಚನ ಮುಗಿದ ಮೇಲೆ ಕೀರ್ತನೆ 104, ಯೋಬ 38, ಕೊನೆಗೆ ಯೋಹಾನ 1 ಓದಿ. ಅಲ್ಲಿಯೂ ಮೊದಲ ಪದ ‘ಆದಿಯಲ್ಲಿ’ ಎಂದೇ ಇದೆ.